ಬೇಸ್ ಯಾರಿಗೂ ಕೇಳಿಸುವುದಿಲ್ಲ, ಲೀಡ್ ಗಿಟಾರ್‌ಗೆ ಹೋಗಲಾ?

ಓದುಗರ ಪ್ರಶ್ನೆ: "ಸರ್, ನಾನು ವಿರಾಜಪೇಟೆ ಹತ್ತಿರದವನು. ನಾಲ್ಕು ಜನ ಸ್ನೇಹಿತರು ಸೇರಿ ಬ್ಯಾಂಡ್ ಮಾಡಿದ್ದೇವೆ. ಮದುವೆ, ಹೋಮ್‌ಸ್ಟೇ, ರೆಸಾರ್ಟ್‌ಗಳಲ್ಲಿ ನುಡಿಸುತ್ತೇವೆ. ನಾಲ್ಕು ತಂತಿಯ ಬೇಸ್ ಗಿಟಾರ್ ಹಿಡಿಯೋಕೆ ಯಾರೂ ಇರಲಿಲ್ಲ ಅಂತ ನನಗೆ ಕೊಟ್ಟರು. ಮೂರು ವರ್ಷ ಆಯ್ತು. ಈಗ ಇಷ್ಟ ಆಗಿದೆ, ಆದರೆ ಯಾರಿಗೂ ಕೇಳಿಸುವುದಿಲ್ಲ. ಗೋಣಿಕೊಪ್ಪದ ಒಂದು ಮದುವೆಯಲ್ಲಿ ನುಡಿಸಿದ ಮೇಲೆ ದೊಡ್ಡವರೊಬ್ಬರು ಬಂದು, 'ನಿನ್ನ ಗಿಟಾರಿಗೆ ಎರಡು ತಂತಿ ಕಡಿಮೆ ಇದೆಯಲ್ಲ, ಕಡಿದು ಹೋಯ್ತಾ?' ಅಂತ ಕೇಳಿದರು. ಫೋನ್ ವಿಡಿಯೊದಲ್ಲಂತೂ ನಾನು ಇಲ್ಲವೇ ಇಲ್ಲ. ನಮ್ಮ ಗಿಟಾರಿಸ್ಟ್ 'ನೀನು ಸುಮ್ನೆ ರೂಟ್ ನೋಟ್ (ಆಯಾ ಕಾರ್ಡ್‌ನ ಆಧಾರ ಸ್ವರ) ಹಿಡಿ, ಸಾಕು' ಅನ್ನುತ್ತಾನೆ. ಲೀಡ್ ಗಿಟಾರ್‌ಗೆ ಹೋಗಲಾ? ಐದು ತಂತಿಯ ಬೇಸ್ ಅಥವಾ ದೊಡ್ಡ ಆಂಪ್ ತಗೊಂಡರೆ ಸರಿಹೋಗುತ್ತಾ? ರಾಕ್, ಪೋಸ್ಟ್-ಪಂಕ್ ಬ್ಯಾಂಡ್‌ಗಳಲ್ಲಿ ಹೆಸರು ಬರದೆ ಉಳಿದ ಒಳ್ಳೆಯ ಬೇಸಿಸ್ಟ್‌ಗಳು ಯಾರು? ಮಳೆಗಾಲದಲ್ಲಿ ಬೇಸ್‌ನ ನೆಕ್ ಬಾಗುತ್ತದೆ, ಅಗ್ಗಿಷ್ಟಿಕೆ ಹತ್ತಿರ ಇಟ್ಟು ಒಣಗಿಸಬಹುದಾ?"

ಉತ್ತರ: ನಿಮ್ಮ ಬೇಜಾರಿನಲ್ಲಿ ಎರಡು ಬೇರೆ ಬೇರೆ ವಿಷಯ ಸೇರಿಕೊಂಡಿವೆ. ಬೇಸ್ ಕೇಳಿಸುವುದಿಲ್ಲ ಅನ್ನೋದು ಒಂದು. ಬೇಸ್ ಲೆಕ್ಕಕ್ಕಿಲ್ಲ ಅನ್ನೋದು ಇನ್ನೊಂದು. ನನ್ನ ಹತ್ತಿರ ಕಲಿಯೋಕೆ ಬರುವ ಹುಡುಗ ಹುಡುಗಿಯರೂ ಇವೆರಡನ್ನೂ ಒಂದೇ ಅಂದುಕೊಂಡು ಬರುತ್ತಾರೆ. ಕೇಳಿಸದೇ ಇರೋದಕ್ಕೆ ಕಾರಣ ಹುಡುಕಬಹುದು, ಸರಿ ಮಾಡಬಹುದು. ಅದನ್ನು ಮಾಡದೆ ವಾದ್ಯವನ್ನೇ ಬಿಟ್ಟರೆ, ಗಿಟಾರ್ ಹಿಡಿದ ಮೇಲೂ ಇದೇ ಕಥೆ ಆಗಬಹುದು.

ಫೋನ್ ವಿಡಿಯೊ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ದಪ್ಪ ಇ ತಂತಿಯ ಮೂಲ ಸ್ವರ ಸುಮಾರು 41 ಹರ್ಟ್ಸ್. ಎ 55, ಡಿ 73, ಜಿ 98. ಗಿಟಾರಿನ ದಪ್ಪ ತಂತಿ 82ರಲ್ಲಿ ಶುರುವಾಗುತ್ತದೆ. ಫೋನಿನೊಳಗಿನ ಪುಟಾಣಿ ಸ್ಪೀಕರ್ ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಆದರೂ ಕೆಲವು ಹಾಡುಗಳ ಬೇಸ್ ಫೋನಿನಲ್ಲೂ ಸ್ಪಷ್ಟವಾಗಿ ಕೇಳುತ್ತದೆ, ಅಲ್ವಾ? ತಂತಿ ಮೀಟಿದಾಗ 41ರ ಜತೆಗೆ 82, 123, 164 ಹೀಗೆ ಮೇಲಿನ ಸ್ವರಗಳೂ ಹೊರಡುತ್ತವೆ. ಮೂಲ ಸ್ವರ ಬಾರದಿದ್ದರೂ ಈ ಮೇಲಿನವನ್ನು ಕೇಳಿ ನಮ್ಮ ಮಿದುಳು ಕೆಳಗಿನದನ್ನು ತಾನೇ ತುಂಬಿಕೊಳ್ಳುತ್ತದೆ. ನೀವು ಆಂಪಿನಲ್ಲಿ ಬೇಸ್ ನಾಬ್ ಪೂರ್ತಿ ತಿರುಗಿಸಿ, ಮಿಡ್ ಇಳಿಸಿ ಇಟ್ಟಿದ್ದರೆ (ಹೆಚ್ಚಿನವರು ಹಾಗೇ ಇಡುತ್ತಾರೆ) ಮಿದುಳಿಗೆ ಬೇಕಾದ ಆ ಸ್ವರಗಳನ್ನೇ ತೆಗೆದು ಹಾಕಿದ ಹಾಗೆ. ಮನೆಯಲ್ಲಿ ಒಬ್ಬರೇ ನುಡಿಸುವಾಗ ಆ ಸೌಂಡ್ ಬಲು ಚೆಂದ. ಡ್ರಮ್ಸ್ ಶುರುವಾದ ತಕ್ಷಣ ಮಾಯ.

ಹಾಲ್‌ನದ್ದು ಇನ್ನೊಂದು ತಾಪತ್ರಯ. 41 ಹರ್ಟ್ಸ್‌ನ ಒಂದು ಅಲೆ ಎಂಟು ಮೀಟರಿಗಿಂತ ಉದ್ದ. ಮದುವೆ ಹಾಲ್‌ನ ಗೋಡೆಗಳ ನಡುವೆ ಅದು ಹೋಗಿ ಬಂದು, ಮೂಲೆಯಲ್ಲಿ ಗುಂಯ್‌ಗುಡುತ್ತದೆ, ಬೇರೆ ಎಲ್ಲೋ ಒಂದು ಕಡೆ ಪೂರ್ತಿ ಸತ್ತು ಹೋಗುತ್ತದೆ. ನೀವು ನಿಂತ ಜಾಗದಲ್ಲಿ ಕೇಳುವುದಕ್ಕೂ ಊಟದ ಟೇಬಲ್ ಹತ್ತಿರ ಕೇಳುವುದಕ್ಕೂ ಸಂಬಂಧವೇ ಇರುವುದಿಲ್ಲ. ಹೋಮ್‌ಸ್ಟೇ ಅಂಗಳದಲ್ಲಾದರೆ ತಡೆಯೋಕೆ ಗೋಡೆಯೇ ಇಲ್ಲ, ತೋಟದೊಳಗೆ ಹರಡಿ ಹೋಗುತ್ತದೆ. ಇನ್ನು ಮಡಿಕೇರಿ ದಸರಾ ಮಂಟಪಗಳ ಹಿಂದೆ ಎದೆ ನಡುಗುವ ಹಾಗೆ ಬರುತ್ತದಲ್ಲ, ಆ ಸೌಂಡನ್ನು ನಿಮ್ಮ ಬೇಸ್‌ನಿಂದ ನಿರೀಕ್ಷೆ ಮಾಡಬೇಡಿ. ಅದು ಸಬ್‌ವೂಫರ್ ರಾಶಿ ಹಾಕಿ ತೆಗೆಯುವ ಒತ್ತಡ. ಅದರಲ್ಲಿ ಯಾವ ಸ್ವರ ಇದೆ ಅಂತ ಹಾಡಿ ತೋರಿಸು ಅಂದರೆ ಯಾರಿಗೂ ಆಗದು.

ಈಗ ನಂಬಿಕೆಗಳ ವಿಷಯ. ಬೇಸ್ ಅಂದರೆ ಗಿಟಾರ್ ಬಾರದವರ ವಾದ್ಯ ಅನ್ನೋ ಮಾತು ನಿಮ್ಮನ್ನೂ ಕೊರೆಯುತ್ತಿದೆ ಅಂತ ಪತ್ರದಲ್ಲೇ ಗೊತ್ತಾಗುತ್ತದೆ. ಇದರಲ್ಲಿ ಅರ್ಧ ಸತ್ಯ ಇದೆ. ತುಂಬಾ ಜನ ಆಕಸ್ಮಿಕವಾಗಿಯೇ ಬೇಸ್‌ಗೆ ಬಂದವರು. ಪಿಕ್ಸೀಸ್ ಬ್ಯಾಂಡಿನ ಜಾಹೀರಾತು ನೋಡಿ ಹೋದ ಕಿಮ್ ಡೀಲ್ ಮೂಲತಃ ಗಿಟಾರ್ ನುಡಿಸುತ್ತಿದ್ದವರು. ಅವರ ಹತ್ತಿರ ಬೇಸೇ ಇರಲಿಲ್ಲ. ಟಾಕಿಂಗ್ ಹೆಡ್ಸ್‌ನ ಟೀನಾ ವೇಮೌತ್ ಬೇಸ್ ಕಲಿತದ್ದೇ ಬ್ಯಾಂಡಿಗೋಸ್ಕರ. ದಿ ಕ್ಲ್ಯಾಶ್‌ನ ಪಾಲ್ ಸಿಮೊನನ್ ಶುರುವಿನಲ್ಲಿ ಯಾವ ಫ್ರೆಟ್‌ನಲ್ಲಿ ಯಾವ ಸ್ವರ ಅಂತ ನೆಕ್ ಮೇಲೆ ಬರೆದುಕೊಂಡು ನುಡಿಸಿದರು. ಅದೇ ಸಿಮೊನನ್ 1979ರಲ್ಲಿ ಬರೆದ 'ದಿ ಗನ್ಸ್ ಆಫ್ ಬ್ರಿಕ್ಸ್‌ಟನ್'ನ ಬೇಸ್ ಸಾಲನ್ನು 1990ರಲ್ಲಿ ಬೀಟ್ಸ್ ಇಂಟರ್‌ನ್ಯಾಷನಲ್ ಬೇರೆ ಹಾಡಿಗೆ ಹಾಕಿ ಬ್ರಿಟನ್ನಿನಲ್ಲಿ ನಂಬರ್ ಒನ್ ಮಾಡಿಕೊಂಡಿತು. ಕೈಗೆ ಹೇಗೆ ಬಂತು ಅನ್ನೋದರಿಂದ ಏನೂ ತೀರ್ಮಾನ ಆಗುವುದಿಲ್ಲ.

ಪಿಕ್ (ತಂತಿ ಮೀಟುವ ಸಣ್ಣ ಚಿಪ್ಪು) ಹಿಡಿದು ನುಡಿಸಿದರೆ ಅಸಲಿ ಬೇಸಿಸ್ಟ್ ಅಲ್ಲ ಅನ್ನೋದು ಪೂರ್ತಿ ಸುಳ್ಳು. ಇಂಗ್ಲೆಂಡಿನ ಜಾಯ್ ಡಿವಿಜನ್ ಬ್ಯಾಂಡಿನ ಪೀಟರ್ ಹುಕ್, ದಿ ಸ್ಟ್ರ್ಯಾಂಗ್ಲರ್ಸ್‌ನ ಜ್ಯಾನ್-ಜ್ಯಾಕ್ ಬರ್ನೆಲ್, ಕಿಮ್ ಡೀಲ್ ಎಲ್ಲರೂ ಪಿಕ್‌ನವರೇ. ಪಿಕ್‌ನಿಂದ ಸ್ವರದ ತುದಿ ಚೂಪಾಗುತ್ತದೆ, ಗದ್ದಲದಲ್ಲಿ ಬೇಗ ಎದ್ದು ಬರುತ್ತದೆ.

"ರೂಟ್ ನೋಟ್ ಸಾಕು" ಅನ್ನೋ ನಿಮ್ಮ ಗಿಟಾರಿಸ್ಟ್ ಮಾತನ್ನು ನಾನು ಪೂರ್ತಿ ತಳ್ಳಿ ಹಾಕುವುದಿಲ್ಲ. ಮದುವೆಯಲ್ಲಿ ಕೊಂಬು ಕೊಟ್ಟ್ ವಾಲಗ ಶುರುವಾದಾಗ ಎಲ್ಲರ ಕಣ್ಣು ಕೊಂಬಿನ ಮೇಲೆ. ಕುಣಿಯುವವರ ಕಾಲು ಮಾತ್ರ ಕೊಟ್ಟ್ ಎಂಬ ಚರ್ಮವಾದ್ಯದ ಪೆಟ್ಟಿಗೇ ಬೀಳುತ್ತದೆ. ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಜತೆ ಬಿಗಿಯಾಗಿ ಕೂತ ಒಂದೇ ಒಂದು ಸ್ವರ ಆ ಕೆಲಸ ಮಾಡಬಲ್ಲದು. ಆದರೆ ಅವನು ಹಾಗೆ ಹೇಳುವುದು ಹಾಡಿಗೋಸ್ಕರವಾ, ತನ್ನ ಗಿಟಾರಿಗೆ ಜಾಗ ಬೇಕು ಅಂತಲಾ? ಇದನ್ನು ನೀವೇ ನೋಡಿಕೊಳ್ಳಿ.

ನನ್ನ ಪ್ರಕಾರ ನಿಮ್ಮ ಸಮಸ್ಯೆ ಇರುವುದೂ ಅಲ್ಲೇ, ಜಾಗದಲ್ಲಿ. ಗಿಟಾರಿಸ್ಟ್ ಸದ್ದು ಒರಟಾಗುವ ಹಾಗೆ ಡಿಸ್ಟಾರ್ಷನ್ ಹಾಕಿ, ಆರೂ ತಂತಿ ಎಳೆದು, ಹಾಡಿಡೀ ಬಿಡದೆ ಬಾರಿಸಿದರೆ 80ರಿಂದ 300 ಹರ್ಟ್ಸ್‌ವರೆಗಿನ ಜಾಗ ಪೂರ್ತಿ ಅವನದ್ದೇ ಆಗುತ್ತದೆ. ನೀವು ಎಷ್ಟು ಚೆನ್ನಾಗಿ ನುಡಿಸಿದರೂ ಅದರೊಳಗೆ ಮುಳುಗುತ್ತೀರಿ. ನೀವು ಕೇಳಿದ ಪೋಸ್ಟ್-ಪಂಕ್ (ಎಪ್ಪತ್ತರ ದಶಕದ ಕೊನೆಗೆ ಪಂಕ್ ರಾಕ್ ಬೆನ್ನಿಗೇ ಬಂದ ಶೈಲಿ) ಬೇಸಿಸ್ಟ್‌ಗಳನ್ನು ಈ ದೃಷ್ಟಿಯಿಂದಲೇ ಕೇಳಿ. ಅವರಲ್ಲಿ ಹೆಚ್ಚಿನವರು ಬೆರಳಿನ ವೇಗದಲ್ಲಿ ಗೆದ್ದವರಲ್ಲ. ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಜಾಗ ಹುಡುಕಿಕೊಂಡವರು.

ಜಾಯ್ ಡಿವಿಜನ್‌ನ ಪೀಟರ್ ಹುಕ್ ಹೆಸರು ಎಲ್ಲರ ಬಾಯಲ್ಲೂ ಇದೆ. ಅವರನ್ನು ಹೆಸರು ಬರದವರ ಸಾಲಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಆದರೆ ಅವರ ಕಥೆ ನಿಮ್ಮದೇ ಕಥೆ. ಅವರ ಸ್ಪೀಕರ್ ಕಳಪೆ, ಪಕ್ಕದಲ್ಲಿ ಬರ್ನಾರ್ಡ್ ಸಮ್ನರ್ ಗಿಟಾರ್ ಜೋರು. ಕೆಳಗೆ ನುಡಿಸಿದರೆ ತನಗೇ ಕೇಳಿಸುತ್ತಿರಲಿಲ್ಲ ಅಂತ ಬಾಡಿ ಹತ್ತಿರದ ಮೇಲಿನ ಫ್ರೆಟ್‌ಗಳಿಗೆ ಹೋದರು. ಹಾಡುಗಾರ ಇಯನ್ ಕರ್ಟಿಸ್‌ಗೆ ಅದು ಹಿಡಿಸಿತು. 1979ರ 'ಅನ್‌ನೋನ್ ಪ್ಲೆಷರ್ಸ್' ಆಲ್ಬಮ್ ಕೇಳಿದರೆ ರಾಗ ಹೊತ್ತುಕೊಂಡು ಹೋಗುತ್ತಿರುವುದು ಬೇಸ್ ಅಂತ ಗೊತ್ತಾಗುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ಜಾ ವಾಬಲ್. ಜಾನ್ ಲೈಡನ್ ಸೆಕ್ಸ್ ಪಿಸ್ಟಲ್ಸ್ ಬಿಟ್ಟು ಕಟ್ಟಿದ ಪಬ್ಲಿಕ್ ಇಮೇಜ್ ಲಿಮಿಟೆಡ್‌ನ ಬೇಸಿಸ್ಟ್. ಜಮೈಕಾದ ಡಬ್, ರೆಗೆ ಸಂಗೀತ ಕೇಳಿ ಬೆಳೆದವರು. ಅವರು ಕೆಳಗೇ ಕೂತರು, ಕಡಿಮೆ ನುಡಿಸಿದರು, ಒಂದೇ ಸಾಲನ್ನು ಮತ್ತೆ ಮತ್ತೆ ತಿರುಗಿಸಿದರು. ಕೀತ್ ಲೆವೀನ್ ಗಿಟಾರ್ ಮೇಲೆಲ್ಲೋ ತಗಡಿನ ಹಾಗೆ ಗೀರುತ್ತದೆ, ನಡುವೆ ಏನೂ ಇಲ್ಲ. ಹಾಗಾಗಿ ಬೇಸ್ ದೊಡ್ಡದಾಗಿ ಕೇಳುತ್ತದೆ. ಅವರ 1979ರ 'ಮೆಟಲ್ ಬಾಕ್ಸ್' ಬಂದದ್ದು ಒಂದೇ ಎಲ್‌ಪಿಯಾಗಿ ಅಲ್ಲ. 45 ಆರ್‌ಪಿಎಮ್‌ನಲ್ಲಿ ತಿರುಗುವ ಮೂರು ಹನ್ನೆರಡು ಇಂಚಿನ ಪ್ಲೇಟುಗಳನ್ನು ಒಂದು ಲೋಹದ ಡಬ್ಬಿಯಲ್ಲಿ ಹಾಕಿ ಮಾರಿದರು. ಆ ವೇಗದಲ್ಲಿ, ಅಷ್ಟು ಅಗಲದ ಗೆರೆಗಳಲ್ಲಿ ಬೇಸ್‌ಗೆ ಜಾಸ್ತಿ ಜಾಗ ಸಿಗುತ್ತದೆ. ಬೇಸ್‌ಗೋಸ್ಕರ ರೆಕಾರ್ಡಿನ ಆಕಾರವನ್ನೇ ಬದಲಿಸಿದ ಬ್ಯಾಂಡ್ ಅಂದರೆ ನನಗೆ ಇಂದಿಗೂ ಖುಷಿ.

ನಿಮ್ಮ ಇಡೀ ಬ್ಯಾಂಡ್ ಕೂತು ಕೇಳಬೇಕಾದದ್ದು ಗ್ಯಾಂಗ್ ಆಫ್ ಫೋರ್‌ನ 'ಎಂಟರ್‌ಟೈನ್‌ಮೆಂಟ್!' (1979). ಬೇಸ್ ಡೇವ್ ಅಲೆನ್, ಗಿಟಾರ್ ಆಂಡಿ ಗಿಲ್. ಗಿಲ್ ಕತ್ತರಿಸಿದ ಹಾಗೆ ಎರಡು ಪೆಟ್ಟು ಕೊಟ್ಟು ಸುಮ್ಮನಾಗುತ್ತಾರೆ. ಆ ಖಾಲಿಯಲ್ಲಿ ಬೇಸ್ ಮತ್ತು ಡ್ರಮ್ಸ್ ನಡೆಯುತ್ತವೆ. ಮತ್ತೆ ಗಿಟಾರ್ ಬಂದು ಹೋಗುತ್ತದೆ. ಗಿಟಾರಿಸ್ಟ್ ಬಾಯಿ ಮುಚ್ಚಿಕೊಳ್ಳುವುದೂ ಒಂದು ವಿದ್ಯೆ ಅಂತ ಯಾರಿಗಾದರೂ ಬೈಯದೆ ಹೇಳಬೇಕಾದರೆ ನಾನು ಈ ಆಲ್ಬಮ್ ಹಾಕುತ್ತೇನೆ.

ನಿಜಕ್ಕೂ ಸಿಗಬೇಕಾದಷ್ಟು ಹೆಸರು ಸಿಗದವರು ಯಾರು ಅಂದರೆ ನಾನು ಮೊದಲು ಹೇಳುವುದು ದಿ ಸ್ಮಿತ್ಸ್‌ನ ಆಂಡಿ ರೂರ್ಕ್. 2023ರ ಮೇ ತಿಂಗಳಲ್ಲಿ ತೀರಿಕೊಂಡರು. ಆ ಬ್ಯಾಂಡ್ ಅಂದರೆ ಮಾರಿಸ್ಸಿ ದನಿ, ಜಾನಿ ಮಾರ್ ಗಿಟಾರ್ ಅಂತಲೇ ಎಲ್ಲರೂ ಮಾತಾಡುತ್ತಾರೆ. 'ದಿಸ್ ಚಾರ್ಮಿಂಗ್ ಮ್ಯಾನ್' (1983) ಇಯರ್‌ಫೋನ್ ಹಾಕಿ ಒಮ್ಮೆ ಕೇಳಿ. ಎರಡನೇ ಸಲ ಗಿಟಾರನ್ನು ಬೇಕಂತಲೇ ಬಿಟ್ಟು, ಕೆಳಗೆ ಓಡುವ ಸಾಲಿನ ಜತೆ ಬಾಯಲ್ಲಿ ಗುನುಗಿ. ಅದನ್ನೇ ಒಂದು ಹಾಡಾಗಿ ಹಾಡಬಹುದು ಅಂತ ಗೊತ್ತಾಗುತ್ತದೆ. ಮಾರ್ ಗಿಟಾರ್ ಮೇಲೆ ಸಣ್ಣ ಸಣ್ಣ ಸ್ವರಗಳಲ್ಲಿ ಮಿನುಗುತ್ತಿರುವುದರಿಂದ ಕೆಳಗೆ ಇವರಿಗೆ ಓಡಾಡಲು ಬಯಲಿದೆ. 1985ರ 'ಬಾರ್ಬರಿಸಂ ಬಿಗಿನ್ಸ್ ಅಟ್ ಹೋಮ್'ನಲ್ಲಂತೂ ಆರು ನಿಮಿಷ ದಾಟಿಯೂ ಬೇಸ್ ಹಾಡನ್ನು ಎಳೆದುಕೊಂಡು ಹೋಗುತ್ತದೆ, ಅದೂ ಫಂಕ್ ಕುಣಿತದ ಲಯದಲ್ಲಿ. ಕವರ್ ಹಾಡು ನುಡಿಸುವ ನಿಮ್ಮಂಥವರಿಗೆ ಇವರಿಗಿಂತ ಒಳ್ಳೆಯ ಮೇಷ್ಟ್ರು ನನಗೆ ಗೊತ್ತಿಲ್ಲ.

ಇನ್ನೊಬ್ಬರು ನಾರ್ಮನ್ ವಾಟ್-ರಾಯ್. ಹುಟ್ಟಿದ್ದು 1951ರಲ್ಲಿ, ಬಾಂಬೆಯಲ್ಲಿ. ಚಿಕ್ಕಂದಿನಲ್ಲೇ ಇಂಗ್ಲೆಂಡಿಗೆ ಹೋದರು. ಇಯನ್ ಡ್ಯೂರಿ ಜತೆಗಿನ 'ಹಿಟ್ ಮಿ ವಿತ್ ಯುವರ್ ರಿದಮ್ ಸ್ಟಿಕ್' (1978) ಅವರ ಕೈಚಳಕ. ಒಂದು ಪೆಟ್ಟಿಗೆ ನಾಲ್ಕರಂತೆ ಸ್ವರಗಳು ಉಸಿರು ಬಿಡದೆ ಓಡುತ್ತವೆ. ದಿ ಕ್ಲ್ಯಾಶ್‌ನ 'ದಿ ಮ್ಯಾಗ್ನಿಫಿಸೆಂಟ್ ಸೆವೆನ್'ನಲ್ಲಿ ಬೇಸ್ ನುಡಿಸಿದ್ದೂ ಇವರೇ, ಆದರೆ ಕೇಳುವವರು ಅದು ಸಿಮೊನನ್ ಅಂದುಕೊಳ್ಳುತ್ತಾರೆ. ಇದನ್ನು ಈಗಲೇ ಕಲಿಯೋಕೆ ಹೋಗಬೇಡಿ, ಮಣಿಕಟ್ಟು ನೋಯುತ್ತದೆ. ಮ್ಯಾಗಝೀನ್ ಬ್ಯಾಂಡಿನ ಬ್ಯಾರಿ ಆಡಮ್‌ಸನ್, ಸೂಕ್ಸಿ ಅಂಡ್ ದಿ ಬ್ಯಾನ್‌ಶೀಸ್‌ನ ಸ್ಟೀವನ್ ಸೆವೆರಿನ್, ಸುಮಾರು ಎರಡು ದಶಕ ದಿ ಫಾಲ್‌ನ ಬೆನ್ನೆಲುಬಾಗಿದ್ದ ಸ್ಟೀವ್ ಹ್ಯಾನ್ಲಿ, ದಿ ಸ್ಲಿಟ್ಸ್‌ನ ಟೆಸ್ಸಾ ಪಾಲಿಟ್ ಇವರನ್ನೂ ಕೇಳಿ. ನಮ್ಮಲ್ಲೇ ಬೇಕಾದರೆ ಇಂಡಿಯನ್ ಓಷನ್‌ನ ರಾಹುಲ್ ರಾಮ್. 'ಕಂದೀಸಾ' (2000) ಆಲ್ಬಮ್‌ನಲ್ಲಿ ಬೇಸ್ ಹೇಗೆ ನಿಧಾನವಾಗಿ ನೆಲ ಹಾಸುತ್ತದೆ ನೋಡಿ. ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದ ನಮ್ಮ ಎಚ್.ವೈ. ಶಾರದಾ ಪ್ರಸಾದ್ ಅವರ ಮನೆತನದವರು ಅಂದರೆ ನಿಮ್ಮ ಮನೆಯ ಹಿರಿಯರಿಗೂ ಸ್ವಲ್ಪ ಸಮಾಧಾನ ಆಗಬಹುದು.

ಹಾಗಾದರೆ ನೀವು ಏನು ಮಾಡಬಹುದು? ಖರ್ಚಿಲ್ಲದ್ದರಿಂದ ಶುರು ಮಾಡಿ. ಮಿಕ್ಸರಿನಲ್ಲಿ ಗಿಟಾರಿನ 120 ಹರ್ಟ್ಸ್‌ಗಿಂತ ಕೆಳಗಿನದನ್ನು ಕಡಿಯಲು ಸೌಂಡ್‌ನವರಿಗೆ ಹೇಳಿ. ನಿಮ್ಮ ಬೇಸ್‌ನಲ್ಲಿ 200ರ ಆಸುಪಾಸು ಸ್ವಲ್ಪ ಇಳಿಸಿ, 700ರಿಂದ 1,000ದ ಹತ್ತಿರ ಸ್ವಲ್ಪ ಏರಿಸಿ. ಹಾಡಿನ ಚರಣದಲ್ಲಿ ಗಿಟಾರಿಸ್ಟ್ ತೆಳ್ಳಗಿನ ಮೂರು ತಂತಿ ಮಾತ್ರ ನುಡಿಸಲಿ, ಪಲ್ಲವಿಗೆ ಬಂದಾಗ ಪೂರ್ತಿ ಬಾರಿಸಲಿ. ಇದರಲ್ಲಿ ಅಪಾಯ ಒಂದೇ: ಗಿಟಾರಿಸ್ಟ್ ಒಬ್ಬನೇ ನುಡಿಸಿ ನೋಡಿದಾಗ ಅವನ ಸೌಂಡ್ ತೆಳ್ಳಗೆ ಕೇಳಿ ಮುಖ ಊದಿಸಿಕೊಳ್ಳುತ್ತಾನೆ. ಅವನನ್ನು ಹಾಲ್ ಮಧ್ಯೆ ನಿಲ್ಲಿಸಿ, ಎಲ್ಲರೂ ಸೇರಿ ನುಡಿಸುವಾಗ ರೆಕಾರ್ಡ್ ಮಾಡಿ ಕೇಳಿಸಿ. ಜಗಳ ಬೇಡ.

ನುಡಿಸುವ ರೀತಿಯಲ್ಲಿ ಮೊದಲು ಬದಲಿಸಬೇಕಾದದ್ದು ಸ್ವರದ ಉದ್ದ. ಹೊಸಬರು ಸ್ವರ ಎಲ್ಲಿ ಶುರುವಾಗಬೇಕು ಅಂತ ಮಾತ್ರ ನೋಡುತ್ತಾರೆ, ಎಲ್ಲಿ ನಿಲ್ಲಬೇಕು ಅಂತ ನೋಡುವುದಿಲ್ಲ. ಸ್ನೇರ್ ಡ್ರಮ್ ಪೆಟ್ಟು ಬೀಳುವ ಕ್ಷಣಕ್ಕೆ ಸರಿಯಾಗಿ ಎಡಗೈ ಬೆರಳನ್ನು ಸ್ವಲ್ಪ ಸಡಿಲ ಮಾಡಿ ತಂತಿ ಸುಮ್ಮನಾಗಿಸಿ. ಸ್ನೇರ್ ಫಟ್ ಅಂತ ಏಳುತ್ತದೆ, ಮುಂದಿನ ಬೇಸ್ ಸ್ವರವೂ ಏಳುತ್ತದೆ. ಹುಕ್ ಹಾಗೆ ಮೇಲಿನ ಫ್ರೆಟ್‌ಗಳಿಗೆ ಹೋಗುವ ಆಸೆ ಬರುತ್ತದೆ. ನಿಮ್ಮ ಸ್ವಂತ ಹಾಡಿನಲ್ಲಿ ಮಾಡಿ. ಮದುವೆಯಲ್ಲಿ ಹಾಡಿಡೀ ಮೇಲೆ ಕೂತರೆ ಕೆಳಗೆ ಖಾಲಿಯಾಗಿ, ಕುಣಿಯುವವರು ಕುರ್ಚಿಗೆ ಹೋಗುತ್ತಾರೆ.

ಐದು ತಂತಿಯ ಬೇಸ್ ಈಗ ಬೇಡ. ಅದರ ಬಿ ತಂತಿ ಸುಮಾರು 31 ಹರ್ಟ್ಸ್. ನೀವು ನುಡಿಸುವ ಜಾಗಗಳ ಸ್ಪೀಕರ್‌ಗಳು 41ನ್ನೇ ಸರಿಯಾಗಿ ಕೊಡುವುದಿಲ್ಲ. ಆಂಪ್ ವಿಷಯಕ್ಕೆ ಬಂದರೆ, 30 ವಾಟ್‌ನ ಪ್ರಾಕ್ಟೀಸ್ ಆಂಪ್ ಡ್ರಮ್ಸ್ ಎದುರು ನಿಲ್ಲುವುದಿಲ್ಲ, 200 ವಾಟ್ ಮೇಲೆ ಬೇಕು. ಅದನ್ನು ಜೀಪಿನಲ್ಲಿ ಹೇರಿಕೊಂಡು ತಿರುಗುವುದಕ್ಕಿಂತ ಬೇಸ್‌ನ ಸಿಗ್ನಲನ್ನು ಮಿಕ್ಸರಿಗೆ ಹೊಂದಿಸುವ ಡಿಐ ಬಾಕ್ಸ್ ಒಂದನ್ನು ತಗೊಂಡು ನೇರ ಮಿಕ್ಸರಿಗೆ ಕೊಡುವುದೇ ವಾಸಿ. ಆಗ ಸೌಂಡ್ ಪೂರ್ತಿ ಸೌಂಡ್‌ನವರ ಕೈಯಲ್ಲಿ ಇರುತ್ತದೆ, ಅವರ ಜತೆ ಸ್ನೇಹದಿಂದ ಇರಿ. ಗಿಟಾರ್ ಆಂಪಿಗೆ ಬೇಸ್ ಹಾಕಿ ಜೋರು ಮಾಡಬೇಡಿ, ಸ್ಪೀಕರ್ ಹರಿಯುತ್ತದೆ. ಜನರೇಟರ್‌ನಲ್ಲಿ ನುಡಿಸುವಾಗ ಅರ್ಥಿಂಗ್ ಇದೆಯಾ ಅಂತ ಕೇಳಿಯೇ ಪ್ಲಗ್ ಹಾಕಿ. ಅರ್ಥ್ ಸರಿ ಇಲ್ಲದಿದ್ದರೆ ತಂತಿ ಹಿಡಿದುಕೊಂಡು ಮೈಕಿಗೆ ತುಟಿ ತಾಗಿಸಿದವರಿಗೆ ಶಾಕ್ ಹೊಡೆಯುತ್ತದೆ. ಒದ್ದೆ ಅಂಗಳದಲ್ಲಿ ಇದು ಜೀವಕ್ಕೇ ಅಪಾಯ. ಗುಂಯ್ ಸದ್ದು ಹೋಗಲಿ ಅಂತ ಮೂರು ಪಿನ್ನಿನ ಪ್ಲಗ್‌ನಲ್ಲಿ ಅರ್ಥ್ ಪಿನ್ ಮುರಿಯುವವರಿದ್ದಾರೆ. ನೀವು ಮಾಡಬೇಡಿ.

ಅಗ್ಗಿಷ್ಟಿಕೆ ಹತ್ತಿರ ಖಂಡಿತ ಬೇಡ. ಮರ ಒಂದೇ ಸಲ ಒಣಗಿದರೆ ಫಿಂಗರ್‌ಬೋರ್ಡ್ ಸೀಳಬಹುದು, ಅಂಟು ಬಿಡಬಹುದು, ಫ್ರೆಟ್‌ಗಳ ತುದಿ ಹೊರಗೆ ಬಂದು ಕೈ ಕೊಯ್ಯುತ್ತದೆ. ಗಿಟಾರ್ ಮರಕ್ಕೆ 45ರಿಂದ 55 ಶೇಕಡ ತೇವಾಂಶ ಹಿತ. ಜುಲೈಯಲ್ಲಿ ನಿಮ್ಮ ಕಡೆ 90 ದಾಟುತ್ತದೆ. ಬಟ್ಟೆಗೆ ಬೂಷ್ಟು ಹಿಡಿಯದ ಹಾಗೆ ಬೀರುವಿನಲ್ಲಿ ಹಳೇ ಕಾಲದ ಸಣ್ಣ ಬಲ್ಬ್ ಉರಿಸುತ್ತಾರಲ್ಲ, ಅದೇ ಬೀರುವಿನಲ್ಲಿ ಬಲ್ಬಿನಿಂದ ದೂರ ನಿಲ್ಲಿಸಿ. ಎಲ್‌ಇಡಿ ಆಗದು, ಸಾಕಷ್ಟು ಬಿಸಿ ಬರುವುದಿಲ್ಲ. ಇಲ್ಲದಿದ್ದರೆ ಗಟ್ಟಿ ಕೇಸ್‌ನಲ್ಲಿ ಸಿಲಿಕಾ ಜೆಲ್ ಪ್ಯಾಕೆಟ್ ಹಾಕಿಡಿ, ಆಗಾಗ ಬದಲಿಸಿ. ನೆಕ್ ಬಾಗಿದೆಯಾ ಅಂತ ನೋಡಲು ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿದು, ಏಳನೇ ಫ್ರೆಟ್ ಹತ್ತಿರ ತಂತಿಯ ಕೆಳಗಿನ ಸಂದು ನೋಡಿ. ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟಿದ್ದರೆ ಸರಿ. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ನೆಕ್ ಒಳಗಿರುವ ಲೋಹದ ಸರಳು, ಅಂದರೆ ಟ್ರಸ್ ರಾಡ್ ಅನ್ನು ಗಡಿಯಾರದ ದಿಕ್ಕಿಗೆ ಕಾಲು ಸುತ್ತು ಮಾತ್ರ ಬಿಗಿ ಮಾಡಿ, ಒಂದು ದಿನ ಬಿಟ್ಟು ಮತ್ತೆ ನೋಡಿ. ಬಿಗಿಯಾಗಿ ನಿಂತರೆ ಬಲ ಹಾಕಬೇಡಿ, ಮೈಸೂರಿನಲ್ಲೋ ಬೆಂಗಳೂರಿನಲ್ಲೋ ರಿಪೇರಿ ಗೊತ್ತಿರುವವರ ಕೈಗೆ ಕೊಡಿ.

ಲೀಡ್ ಗಿಟಾರ್‌ಗೆ ಹೋಗಲಾ ಅಂದಿರಿ. ಮನಸ್ಸು ಗಿಟಾರ್ ಮೇಲೇ ಇದ್ದರೆ ಹೋಗಿ, ಅದರಲ್ಲಿ ನಾಚಿಕೆ ಏನಿಲ್ಲ. ಕಿಮ್ ಡೀಲ್ ಕೂಡ ಆಮೇಲೆ ದಿ ಬ್ರೀಡರ್ಸ್ ಕಟ್ಟಿ ಗಿಟಾರ್‌ಗೆ ಮರಳಿದರು. ಆದರೆ "ಈಗ ಇಷ್ಟ ಆಗಿದೆ" ಅಂತ ಬರೆದವರು ನೀವೇ. ಕೊಡಗಿನಲ್ಲಿ ಗಿಟಾರ್ ನುಡಿಸುವ ಹುಡುಗರು ಮನೆಗೊಬ್ಬರು ಸಿಗುತ್ತಾರೆ. ತಾಳ ಬಿಡದ ಬೇಸಿಸ್ಟ್ ಸಿಗುವುದು ಕಷ್ಟ. ನೀವು ಬಿಟ್ಟರೆ ನಿಮ್ಮ ಬ್ಯಾಂಡಿಗೆ ಇನ್ನೊಬ್ಬರನ್ನು ಹುಡುಕೋಕೆ ಆಗದು, ನಿಮಗೆ ಮಾತ್ರ ಬೇರೆ ಬ್ಯಾಂಡ್‌ನಿಂದ ಕರೆ ಬರುತ್ತದೆ.

ಕೊನೆಗೆ ನೀವು ಕೇಳದ ಒಂದು ವಿಷಯ. ಬೇಸಿಸ್ಟ್‌ಗಳ ಹೆಸರು ಮರೆಯಾಗೋದಕ್ಕೆ ಕಿವಿಯಷ್ಟೇ ಕಾಗದವೂ ಕಾರಣ. ದಿ ಸ್ಮಿತ್ಸ್ ಹಾಡುಗಳು ಮಾರಿಸ್ಸಿ ಮತ್ತು ಮಾರ್ ಹೆಸರಿನಲ್ಲಿವೆ. ನುಡಿಸಿದ್ದರ ದುಡ್ಡಿನಲ್ಲೂ ರೂರ್ಕ್‌ಗೂ ಡ್ರಮ್ಮರ್ ಮೈಕ್ ಜಾಯ್ಸ್‌ಗೂ ತಲಾ ಹತ್ತು ಶೇಕಡ ಮಾತ್ರ ಸಿಗುತ್ತಿತ್ತು. ಜಾಯ್ಸ್ ಕೋರ್ಟಿಗೆ ಹೋಗಿ 1996ರಲ್ಲಿ ಸಮಪಾಲು ಗೆದ್ದರು. ಕೈಯಲ್ಲಿ ಕಾಸಿಲ್ಲದ ರೂರ್ಕ್ ಅದಕ್ಕೂ ಮುಂಚೆಯೇ ಒಂದು ಮೊತ್ತಕ್ಕೆ ರಾಜಿ ಮಾಡಿಕೊಂಡಿದ್ದರು. ಜಾಯ್ ಡಿವಿಜನ್ ಹಾಡುಗಳಲ್ಲಿ ನಾಲ್ವರ ಹೆಸರೂ ಇದೆ. ನೀವು ಈಗ ಕವರ್ ಹಾಡು ನುಡಿಸುತ್ತಿದ್ದೀರಿ, ನಾಳೆ ಸ್ವಂತದ್ದು ಮಾಡುತ್ತೀರಿ. ಮೊದಲ ಹಾಡು ಯೂಟ್ಯೂಬ್‌ಗೆ ಹಾಕುವ ಮುಂಚೆ, ಇನ್ನೂ ದುಡ್ಡು ಬರದೇ ಇರುವಾಗಲೇ, ಯಾರ ಹೆಸರು ಎಲ್ಲಿ, ಯಾರಿಗೆ ಎಷ್ಟು ಅಂತ ನಾಲ್ವರೂ ಕೂತು ಬರೆದು ಸಹಿ ಹಾಕಿಡಿ.